ಎಲೆತೋಟದಲ್ಲಿ ಒಂದು ಇಂಗ್ಲಿಷ್ ಕ್ರಿಯಾಪದ

ಇಂಗ್ಲಿಷನ್ನು ಅಭಿನಯಿಸಿ ಕಲಿಸಿದರೆ ಮಕ್ಕಳು ಸಾಯುವತನಕ ಮರೆಯುವುದಿಲ್ಲ ಎಂಬುದು ನನ್ನ ದೃಢ ನಂಬಿಕೆಯಾಗಿತ್ತು. ಎಪ್ಪತ್ತರ ದಶಕದ ಮಾತು. ಹಿರೇಕೆರೂರಿನಿಂದ ಸವಣೂರಿನ ಶಾಲೆಗೆ ವರ್ಗವಾಗಿ ಬಂದು ವರ್ಷವಾಗುತ್ತ ಬಂದಿತ್ತು. ಒಬ್ಬಂಟಿ. ಖಾನಾವಳಿಯವನು ರೊಟ್ಟಿ ಬಡಿಸಿ ಮುಖ ನೋಡದೆ ಮುಂದೆ ಹೋಗುತ್ತಿದ್ದ. ರವಿವಾರವಂತೂ ನನ್ನ ದನಿ ನನಗೇ ಕೇಳುತ್ತಿರಲಿಲ್ಲ.

ಆ ದಿನ ಪಾಠದಲ್ಲಿ ‘ಸ್ನೀಕ್’ ಎಂಬ ಕ್ರಿಯಾಪದ ಬಂತು.

“ಸ್ನೀಕ್ ಅಂದ್ರ ಕಳ್ಳಹೆಜ್ಜಿ ಇಟ್ಟು ನುಸುಳೋದು. ಸ್ನೀಕ್ ಇನ್, ಒಳಗ ನುಸುಳೋದು. ಸ್ನೀಕ್ ಔಟ್, ಹೊರಗ ಜಾರ್ಕೊಳ್ಳೋದು,” ಎಂದು ಘೋಷಿಸಿದೆ. “ನೀವು ತಲಿ ಬಗ್ಗಿಸಿ ಬರೀರಿ. ನಾ ಸ್ನೀಕ್ ಔಟ್ ಆಗ್ತೇನಿ. ನಾ ಇಲ್ಲದ್ದು ತಿಳದ ಕೂಡ್ಲೆ ಬಂದು ಹುಡುಕ್ರಿ. ಹುಡುಕಿದವರಿಗೆ ತಿನ್ನಾಕ ಅಂಗಡಿ ಖಾರ ಕೊಡಸ್ತೇನಿ!”

ನಿಜ ಹೇಳಬೇಕೆಂದರೆ ಪಾಠ ಬರೀ ನೆಪ. ಯಾರಾದರೂ ನನ್ನನ್ನು ಹುಡುಕಿಕೊಂಡು ಬರಲಿ ಎಂಬ ಆಸೆ ಹೊಟ್ಟೆಯೊಳಗಿತ್ತು.

ಬೆಕ್ಕಿನ ಹೆಜ್ಜೆಯಲ್ಲಿ ಹಿಂಬಾಗಿಲು ದಾಟಿ ಶಾಲೆಯ ಹಿಂದಿನ ವೀಳ್ಯದೆಲೆ ತೋಟಕ್ಕೆ ಬಂದೆ. ಎಲೆತೋಟದೊಳಗೆ ಚಪ್ಪಲಿ ಮೆಟ್ಟಿ ಹೋಗುವಂತಿಲ್ಲ, ಅದು ಊರಿನ ರಿವಾಜು. ಭಕ್ತಿಯಿಂದ ಚಪ್ಪಲಿ ಹೊರಗೆ ಬಿಟ್ಟು, ಬಳ್ಳಿಯ ಸಾಲಿನ ಹಿಂದೆ ಕೂತೆ. ಕಾದೆ. ಯಾರೂ ಬರಲಿಲ್ಲ. ಸುಳಿವು ಸಿಗಲೆಂದು ಕೆಮ್ಮಿದೆ. ಸ್ನೀಕ್ ಆದವನು ಕೆಮ್ಮುವುದು ಶಾಸ್ತ್ರಕ್ಕೆ ವಿರುದ್ಧ! ಆದರೂ ಇನ್ನಷ್ಟು ಜೋರಾಗಿ ಕೆಮ್ಮಿದೆ.

ಬಂದವರು ತೋಟದ ಮಾಲಕ ಹುಸೇನಸಾಬರು. ಕೈಯಲ್ಲಿ ಕೋಲು!

“ಯಾರ್ದಲೇ ಈ ಚಪ್ಪಲಿ? ಎಲಿ ಕದಿಯಾಕ ಬಂದೀಯೇನು?”

“ಇಲ್ರೀ, ನಾ ಇಂಗ್ಲಿಷ್ ಮಾಸ್ತರ! ಚಪ್ಪಲಿ ಬಿಟ್ಟ ಬಂದೇನ್ರಿ!”

“ಇಲ್ಲಿ ಕಳ್ಳರೂ ಚಪ್ಪಲಿ ಬಿಟ್ಟ ಬರ್ತಾರ. ಸಾಲಿಗೆ ಹೊಸಾ ಮಾಸ್ತರ ಯಾವಾಗ ಬಂದ್ರು?”

“ವರ್ಷ ಆಗಾಕ ಬಂತ್ರೀ!”

ಅವರು ನಂಬಲಿಲ್ಲ. ಸಾಕ್ಷಿ ಕೇಳಲು ನನ್ನ ತೋಳು ಹಿಡಿದು ತರಗತಿಯ ಕಿಟಕಿಗೆ ಕರೆತಂದರು. ಒಳಗೆ ಮಕ್ಕಳು ತಲೆ ಬಗ್ಗಿಸಿ ಬರೆಯುತ್ತಲೇ ಇದ್ದರು.

“ಏನವ್ವಾ, ನಿಮ್ಮ ಇಂಗ್ಲಿಷ್ ಮಾಸ್ತರ ಎಲ್ಲಿ?” ಎಂದು ಸಾಬರು ಕೇಳಿದರು.

ಕಿಟಕಿ ಬಳಿಯ ಹುಡುಗಿ ತಲೆ ಎತ್ತಲಿಲ್ಲ. “ಅಲ್ಲೇ ಕುರ್ಚ್ಯಾಗ ಕುಂತಾರಲ್ರಿ,” ಎಂದಳು.

ಸಾಬರು ಖಾಲಿ ಕುರ್ಚಿ ನೋಡಿದರು. ನನ್ನನ್ನು ನೋಡಿದರು. ತೋಳು ಬಿಟ್ಟು, “ಹೋಗ್ರಿ ಮಾಸ್ತರ,” ಎಂದರು ಮೆಲ್ಲಗೆ. ಎರಡು ಬೈದಿದ್ದರೆ ಚೆನ್ನಾಗಿತ್ತು.

ಶಿಷ್ಯೆಯ ಮಾತು ಸುಳ್ಳಾಗಬಾರದು ನೋಡಿ! ಒಳಗೆ ಹೋಗಿ ಕುರ್ಚಿಯಲ್ಲಿ ಕೂತೆ. ಅದನ್ನೂ ಯಾರೂ ನೋಡಲಿಲ್ಲ.