ಪುಟ ಏಳರ ಮೂರನೇ ಕೈ

ಮೊಗಾಮಿಯಾ ಶೋಜಿ ಕಂಪನಿ
(ಸೀಮೆಎಣ್ಣೆ, ಡಾಂಬರು, ಮೇಣ, ತಿನ್ನರ್ ಹಾಗೂ ಇತರೆ ರಾಸಾಯನಿಕಗಳ ವ್ಯಾಪಾರಿಗಳು)
ಸಾಮಾನ್ಯ ಆಡಳಿತ ವಿಭಾಗ, ಅಜಿ ನದಿ ದಂಡೆ, ಒಸಾಕಾ

ಸಂಖ್ಯೆ: ಸಾಆವಿ/ಚರಿತ್ರೆ/ಕೈ-3/1998
ದಿನಾಂಕ: 16-11-1998

ಸುತ್ತೋಲೆ

ವಿಷಯ: ಸಂಸ್ಥೆಯ ಐವತ್ತು ವರ್ಷಗಳ ಚರಿತ್ರೆ ಗ್ರಂಥದ ಪುಟ 7ರ ಚಿತ್ರದಲ್ಲಿ ಸಂಸ್ಥಾಪಕರಿಗೆ ಮೂರು ಕೈಗಳಿರುವ ಬಗ್ಗೆ.

ಉಲ್ಲೇಖ:
1) “ಸತ್ತವನಿಗೆ ಮೂರು ಕೈ ಕೊಟ್ಟಿದ್ದೀರಲ್ರೀ, ಬದುಕಿರೋಳಿಗೆ ಒಂದು ಮುಖ ಉಳಿಸೋಕಾಗ್ಲಿಲ್ವಾ ನಿಮ್ಗೆ?” ಎಂದು ಎಣ್ಣೆ ಅಂಗಳದ ಮುಖ್ಯಸ್ಥ ಶ್ರೀ ತೊಬಿತಾ ಇವಾವೊ ಅವರು ದಿನಾಂಕ 13-11-1998ರ ಬೆಳಿಗ್ಗೆ 9.40ಕ್ಕೆ ಈ ವಿಭಾಗದ ಮೇಜು ಗುದ್ದಿ ಆಡಿದ ಮಾತು.
2) “ಮೆಲ್ಲಗೆ ಮಾತಾಡ್ರೀ, ಮೇಲೆ ಅಧ್ಯಕ್ಷರಿದ್ದಾರೆ” ಎಂಬ ಈ ವಿಭಾಗದ ಮುಖ್ಯಸ್ಥರ ಉತ್ತರ.
3) “ಕೇಳಿಸ್ಕೊಳ್ಳಿ ಬಿಡ್ರೀ! ಕಿವಿ ಸಾಲ್ದೇ ಇದ್ರೆ ಅವರಿಗೂ ಒಂದು ಜಾಸ್ತಿ ಬರೆಸಿ!” ಎಂಬ ಶ್ರೀ ತೊಬಿತಾ ಅವರ ಮರು ಉತ್ತರ.

ಪ್ರಸ್ತಾವನೆ:

ಸಂಸ್ಥೆಯು 1948ರ ಚಳಿಗಾಲದಲ್ಲಿ ಒಂದು ಪೀಪಾಯಿ ಸೀಮೆಎಣ್ಣೆ ಹಾಗೂ ಒಂದು ಕೈಗಾಡಿಯೊಂದಿಗೆ ಪ್ರಾರಂಭವಾಯಿತು. ದಿವಂಗತ ಸಂಸ್ಥಾಪಕ ಮೊಗಾಮಿ ದೆಂಜಿರೊ ಅವರು “ಸ್ವತಃ ಗಾಡಿ ಎಳೆದು ಮನೆಮನೆಗೆ ಬೆಳಕು ಹಂಚಿದರು” ಎಂದು ಗ್ರಂಥದಲ್ಲಿ ದಾಖಲಿಸಲಾಗಿದೆ. ಈ ಮಾತನ್ನು ಸಮರ್ಥಿಸುವ ಚಿತ್ರ ಸಂಸ್ಥೆಯಲ್ಲಿ ಇರಲಿಲ್ಲ. ಇದ್ದ ಏಕೈಕ ಛಾಯಾಚಿತ್ರವು ಶ್ರೀ ತೊಬಿತಾ ಅವರ ತಾಯಿ, ಎಂಬತ್ತಾರು ವರ್ಷದ ಶ್ರೀಮತಿ ತೊಬಿತಾ ಫುಕು ಅವರ ಬಳಿ, ಮನೆಯ ದೇವರ ಗೂಡಿನ ಸೆಳೆಖಾನೆಯಲ್ಲಿತ್ತು. ಆಕೆಯ ಯೌವನದ ಚಿತ್ರವೆಂದು ಉಳಿದಿದ್ದೂ ಅದೊಂದೇ. “ಪುಸ್ತಕದಲ್ಲಿ ಅಮ್ಮನ ಹೆಸರು ಬರುತ್ತೆ ತಾನೇ?” ಎಂದು ಶ್ರೀ ತೊಬಿತಾ ಅವರು ಅದನ್ನು ತಂದುಕೊಡುವಾಗ ಕೇಳಿದ್ದು, “ಬರದೇ ಇರುತ್ತಾ?” ಎಂದು ಈ ವಿಭಾಗವು ಉತ್ತರಿಸಿತ್ತು. ಸದರಿ ಉತ್ತರವು ಪ್ರಶ್ನೆಯ ರೂಪದಲ್ಲಿದ್ದುದರಿಂದ ಅದನ್ನು ಭರವಸೆಯೆಂದು ಪರಿಗಣಿಸಲು ಬರುವುದಿಲ್ಲ.

ಚಿತ್ರವನ್ನು ಪರಿಶೀಲಿಸಲಾಗಿ, ಸಂಸ್ಥಾಪಕರ ಒಂದು ಕೈಯಲ್ಲಿ ಛತ್ರಿ, ಇನ್ನೊಂದು ಕೈ ಪೀಪಾಯಿಯ ಮೇಲೆ ಇರುವುದು ಕಂಡುಬಂತು. ಗಾಡಿ ಎಳೆಯುತ್ತಿದ್ದವರು ಶ್ರೀಮತಿ ಫುಕು. ಇದು ಸಂಸ್ಥೆಯ ಘನತೆಗೆ ಒಪ್ಪದ ಕಾರಣ, ಆಕೆಯ ಮೇಲೆ ನದಿಯನ್ನು ಬರೆಯುವಂತೆ ಚಿತ್ರಗಾರರಿಗೆ ಸೂಚಿಸಲಾಯಿತು. ಅವರು ನಕಲಿನ ಮೇಲೆ ಬರೆಯುವ ಬದಲು ಮೂಲ ಚಿತ್ರದ ಮೇಲೆಯೇ ಬಣ್ಣ ಬಳಿದರು. ಮುಖ, ತಲೆಗೆ ಕಟ್ಟಿದ್ದ ಬಟ್ಟೆ, ಹೆಗಲು, ಎಲ್ಲವೂ ನೀರಾದವು. ಗಾಡಿಯ ಮೂಕಿ ಹಿಡಿದ ಎಡಗೈಯನ್ನು ಮಾತ್ರ ಬಿಡಲಾಯಿತು. ಕೈ ಅಳಿಸಿದರೆ ಮೂಕಿಯೂ ಅಳಿಯುತ್ತಿತ್ತು, ಮೂಕಿ ಇಲ್ಲದ ಗಾಡಿಯನ್ನು ಸಂಸ್ಥಾಪಕರು ಎಳೆಯುವುದಾದರೂ ಹೇಗೆ? ಹೀಗಾಗಿ ಸದರಿ ಕೈ ಸಂಸ್ಥಾಪಕರ ಸೊಂಟದಿಂದ ಹೊರಟಂತೆ ಕಾಣುತ್ತಿದೆ.

ಕರಡು ಪುಟವು ಹದಿನಾಲ್ಕು ಅಧಿಕಾರಿಗಳ ಮೇಜು ಸುತ್ತಿ, ಸಹಿಯ ಬದಲಿಗೆ ಅವರವರ ಹೆಸರಿನ ಹದಿನಾಲ್ಕು ಮುದ್ರೆ ಒತ್ತಿಸಿಕೊಂಡು ಬಂದಿದೆ. ಕಿರಿಯರ ಮುದ್ರೆಯು ಹಿರಿಯರ ಮುದ್ರೆಯ ಕಡೆಗೆ ತಲೆಬಾಗಿರಬೇಕೆಂಬ ಕಚೇರಿಯ ಪದ್ಧತಿಯನ್ನು ಎಲ್ಲರೂ ಪಾಲಿಸಿದ್ದಾರೆ. ಇಪ್ಪತ್ತೆಂಟು ಕಣ್ಣುಗಳೂ ತಂತಮ್ಮ ಮುದ್ರೆ ಎಷ್ಟು ಬಾಗಿದೆ ಎಂಬುದರ ಮೇಲೆಯೇ ನೆಟ್ಟಿದ್ದರಿಂದ, ಮನುಷ್ಯನಿಗೆ ಎಷ್ಟು ಕೈ ಎಂಬುದನ್ನು ಯಾರೂ ಎಣಿಸಿಲ್ಲ. ಎಣಿಸಿದವರು ಶ್ರೀ ತೊಬಿತಾ ಒಬ್ಬರೇ. ಮುನ್ನೂರು ಪ್ರತಿಗಳು ಅಚ್ಚಾಗಿ ಬಂದ ಮೇಲೆ ಎಣಿಸಿದರು.

ಈ ಹಿನ್ನೆಲೆಯಲ್ಲಿ ಕೆಳಕಂಡಂತೆ ಸೂಚಿಸಲಾಗಿದೆ:

1. ಸಂಸ್ಥಾಪಕರಿಗೆ ಮೂರು ಕೈಗಳಿದ್ದವು. ಮೊದಲನೆಯದನ್ನು ಪೆಟ್ರೋಲಿಯಂ ವಿಭಾಗವೆಂದೂ, ಎರಡನೆಯದನ್ನು ರಾಸಾಯನಿಕ ವಿಭಾಗವೆಂದೂ, ಮೂರನೆಯದನ್ನು ಗ್ರಾಹಕ ಸೇವೆಯೆಂದೂ ತಿಳಿಯತಕ್ಕದ್ದು. ಮೂರನೇ ಕೈಯ ಉಗುರು ಒಡೆದಿರುವುದು ಸೇವೆಯ ಕಾರಣದಿಂದ.

2. ಸಂಸ್ಥಾಪಕರನ್ನು ಬದುಕಿದ್ದಾಗ ಕಂಡಿದ್ದ ಹಿರಿಯ ನೌಕರರು “ಎರಡೇ ಇದ್ದವು” ಎಂದು ಹೇಳಿಕೊಂಡು ತಿರುಗುವಂತಿಲ್ಲ. ಚಳಿಗಾಲವಾದ್ದರಿಂದ ಮೂರನೆಯದು ಕೋಟಿನೊಳಗೆ ಇದ್ದಿರಬಹುದು.

3. ಕಚೇರಿಯ ಅವಧಿಯಲ್ಲಿ ಕೈವಾಡ, ಮೇಲುಗೈ, ಕೈಕೊಟ್ಟರು, ಕೈತೊಳೆದುಕೊಂಡರು ಮುಂತಾದ ಪದಗಳನ್ನು ನಿಷೇಧಿಸಲಾಗಿದೆ. ಕೈಗಾಡಿಯನ್ನು ಇನ್ನು ಮುಂದೆ ‘ಗಾಡಿ’ ಎಂದಷ್ಟೇ ಕರೆಯತಕ್ಕದ್ದು.

4. ಬೆಳಗಿನ ರೇಡಿಯೋ ವ್ಯಾಯಾಮದಲ್ಲಿ “ಎರಡೂ ಕೈ ಮೇಲೆತ್ತಿ” ಎಂಬ ಸೂಚನೆ ಬಂದಾಗ ಶನಿವಾರ ಡಾಂಬರು ವಿಭಾಗದ ಸಾಲಿನಲ್ಲಿ ನಗು ಕೇಳಿಬಂದಿದೆ. ಇನ್ನು ಮುಂದೆ ಆ ಸೂಚನೆಯನ್ನು “ತಮಗಿರುವಷ್ಟೂ ಕೈ ಮೇಲೆತ್ತಿ” ಎಂದು ಕೇಳಿಸಿಕೊಳ್ಳತಕ್ಕದ್ದು. ನಕ್ಕವರು ಇಳಿಸುವಂತಿಲ್ಲ.

5. ಮುಂಬಾಗಿಲಲ್ಲಿ ನಿಲ್ಲಿಸಲಿರುವ ಕಂಚಿನ ಪ್ರತಿಮೆಯ ಶಿಲ್ಪಿಯು “ಎಷ್ಟು ಕೈ?” ಎಂದು ಪತ್ರ ಬರೆದಿದ್ದು, ಅದು ಈಗ ಹದಿನಾಲ್ಕು ಮೇಜು ಸುತ್ತುತ್ತಿದೆ. ಅದುವರೆಗೆ ಕಾಲುಗಳನ್ನು ಮಾಡಿಕೊಂಡಿರಲು ತಿಳಿಸಲಾಗಿದೆ.

6. ಪುಟ 41ರಲ್ಲಿ, 1973ರ ತೈಲ ಬಿಕ್ಕಟ್ಟಿನಲ್ಲಿ ಸಂಸ್ಥೆಯು “ಜನರೊಂದಿಗೆ ನಿಂತಿತು” ಎಂದಿರುವುದು ಸರಿಯಾಗಿದೆ. ಜನ ಡಬ್ಬ ಹಿಡಿದು ಗೇಟಿನ ಹೊರಗೆ ನಿಂತಿದ್ದರು, ಸಂಸ್ಥೆ ಬೀಗ ಹಾಕಿಕೊಂಡು ಒಳಗೆ ನಿಂತಿತ್ತು. ಅಂದು ಬೀಗದ ಕೈ ಕೊಡಲೊಪ್ಪದೆ, ಮುದುಕರಿಗೂ ಬಾಣಂತಿಯರಿಗೂ ಎಣ್ಣೆ ಅಳೆದುಕೊಟ್ಟು ಛೀಮಾರಿ ಹಾಕಿಸಿಕೊಂಡ ನೌಕರ ಯಾರೆಂಬುದು ಈ ಸುತ್ತೋಲೆಯ ವ್ಯಾಪ್ತಿಗೆ ಬರುವುದಿಲ್ಲ. ಅವರ ಹೆಸರು ಉಲ್ಲೇಖ 1ರಲ್ಲಿ ಆಗಲೇ ಬಂದಿದೆ.

7. ಶುಕ್ರವಾರದ ಜಗಳದ ಉಳಿದ ಭಾಗದ ಬಗ್ಗೆ ಊಹಾಪೋಹಗಳು ಹರಡುತ್ತಿರುವುದರಿಂದ, ನಿಜವಾಗಿ ಆಡಿದ ಮಾತನ್ನು ಇಲ್ಲಿ ಕೊಡಲಾಗಿದೆ. “ನಿಮ್ಮ ತಾಯಿ ಎಳೆದಿರಬಹುದು ತೊಬಿತಾ ಅವರೇ, ಆದ್ರೆ ಗಾಡಿ ಕಂಪನೀದು” ಎಂದು ಈ ವಿಭಾಗದ ಮುಖ್ಯಸ್ಥರು ಹೇಳಿದ್ದು ನಿಜ. “ಗಾಡಿ ನಮ್ಮಪ್ಪಂದು ಕಣ್ರೀ! ಕಂಪನೀದು ಅಂತ ಅಲ್ಲಿ ಇದ್ದಿದ್ದು ಆ ಛತ್ರಿ ಒಂದೇ!” ಎಂದು ಅವರು ಉತ್ತರಿಸಿದ್ದೂ ನಿಜ. ಮುಖ್ಯಸ್ಥರು ಕುರ್ಚಿಯಿಂದ ಬಿದ್ದರು ಎಂಬುದು ಸುಳ್ಳು. ಕುರ್ಚಿ ಹಿಂದಕ್ಕೆ ಸರಿಯಿತು, ಅಷ್ಟೇ. “ಬೇಕಾದ್ರೆ ಎರಡನೇ ಮುದ್ರಣದಲ್ಲಿ ಸಣ್ಣಕ್ಷರದಲ್ಲಿ ಹಾಕೋಣ” ಎಂದೂ ಹೇಳಲಾಯಿತು. ಅದಕ್ಕೆ ಅವರು, “ಅಮ್ಮ ಪುಸ್ತಕ ಯಾವಾಗ ಬರುತ್ತೋ ಅಂತ ಕನ್ನಡಕ ಒರೆಸ್ಕೊಂಡು ಕೂತಿದ್ದಾಳೆ. ನೀನು ನೀರಾಗಿಬಿಟ್ಟೆ ಅಮ್ಮಾ ಅಂತ ನೀವೇ ಬಂದು ಹೇಳಿ, ಬನ್ನಿ” ಎಂದರು. ಈ ವಿಭಾಗಕ್ಕೆ ಆ ಹೊತ್ತಿನಲ್ಲಿ ಬೇರೆ ಕೆಲಸವಿತ್ತು.

8. ತದನಂತರ ಶ್ರೀ ತೊಬಿತಾ ಅವರು ನೇರವಾಗಿ ಉಗ್ರಾಣಕ್ಕೆ ಹೋಗಿ, ಜೇಬಿನಿಂದ ತಮ್ಮ ಮುದ್ರೆ ತೆಗೆದು, ಅದಕ್ಕೆ ಬಾಯಿಂದ ಹಬೆ ಊದಿ, ಪುಟ 7ರ ಮೂರನೇ ಕೈಯ ಮೇಲೆ ಒತ್ತಿದ್ದಾರೆ. ಒಂದರ ಮೇಲಲ್ಲ, ಮುನ್ನೂರರ ಮೇಲೆ. ಉಗ್ರಾಣದ ಶ್ರೀಮತಿ ಕುರಿಹಾಶಿ ಯೋನೆ ಅವರು ಒಂದೊಂದೇ ಪ್ರತಿಯ ಪುಟ ಬಿಡಿಸಿ ಮುಂದಿಟ್ಟಿದ್ದಾರೆ. ವಿಚಾರಿಸಲಾಗಿ, “ಮುದ್ರೆ ಒತ್ತುತಾ ಇದ್ರು, ಆಫೀಸ್ ಕೆಲ್ಸ ಅಂದ್ಕೊಂಡೆ. ಈ ಕಂಪನೀಲಿ ಮುದ್ರೆ ಒತ್ತೋರನ್ನ ಯಾವತ್ತಾದ್ರೂ ಯಾರಾದ್ರೂ ಯಾಕೆ ಅಂತ ಕೇಳಿದ್ದಾರಾ?” ಎಂದು ಲಿಖಿತ ಹೇಳಿಕೆ ನೀಡಿದ್ದಾರೆ. ಹೇಳಿಕೆಗೆ ಒತ್ತಿದ ಅವರ ಮುದ್ರೆ ಸರಿಯಾಗಿ ಬಾಗಿದ್ದರಿಂದ ಅದನ್ನು ಅಂಗೀಕರಿಸಲಾಗಿದೆ.

9. ಮುದ್ರೆಯಲ್ಲಿ ‘ತೊಬಿತಾ’ ಎಂದಷ್ಟೇ ಇದೆ. ಅದು ಮಗನ ಮುದ್ರೆಯೋ, ಕೈ ಯಾರದೆಂದು ತಿಳಿಸುವ ತಾಯಿಯ ಹೆಸರೋ ಎಂಬುದನ್ನು ತೀರ್ಮಾನಿಸಲು ಸಮಿತಿ ರಚಿಸಲಾಗಿದೆ. ಮನೆತನ ಒಂದೇ ಆದ್ದರಿಂದ ಸಮಿತಿಗೆ ತಲೆನೋವು ಬಂದಿದೆ. ಮುನ್ನೂರು ಮುದ್ರೆಗಳಲ್ಲಿ ಒಂದೂ ಯಾವ ಕಡೆಗೂ ಬಾಗಿಲ್ಲ, ಎಲ್ಲವೂ ಕಂಬ ನೆಟ್ಟಂತೆ ನಿಂತಿವೆ. ಇದನ್ನು ಅತ್ಯಂತ ಗಂಭೀರವಾಗಿ ಪರಿಗಣಿಸಲಾಗಿದೆ.

10. ಮುದ್ರೆಗಳ ಕೆಂಪು ಮಸಿಯನ್ನು ಸಂಸ್ಥೆಯದೇ ತಿನ್ನರ್‌ನಿಂದ ಅಳಿಸಲು ಪ್ರಯತ್ನಿಸಲಾಯಿತು. ಸಂಸ್ಥಾಪಕರು ಅಳಿಸಿಹೋದರು. ಮುದ್ರೆ ಉಳಿದಿದೆ. ನಮ್ಮ ಸರಕಿನ ಗುಣಮಟ್ಟದ ಬಗ್ಗೆ ಇದನ್ನು ಯಾರೂ ಗ್ರಾಹಕರ ಮುಂದೆ ಉದಾಹರಿಸುವಂತಿಲ್ಲ.

11. ಉಗ್ರಾಣದಿಂದ ಹೊರಟ ಶ್ರೀ ತೊಬಿತಾ ಅವರು, ನದಿ ಬಳಿದಿದ್ದ ಮೂಲ ಚಿತ್ರವನ್ನು ಈ ವಿಭಾಗದ ಕಪಾಟಿನಿಂದ ತೆಗೆದುಕೊಂಡು, ಕೋಟಿನ ಒಳಜೇಬಿಗೆ ಇಟ್ಟು ಗುಂಡಿ ಹಾಕಿದ್ದಾರೆ. “ಆ ಚಿತ್ರಕ್ಕೆ ರಸೀದಿ ಬರೆದುಕೊಡಿ” ಎಂದು ಕೇಳಲಾಯಿತು. ಅವರು ಐದು ಟ್ಯಾಂಕುಗಳ ನಡುವೆ ಹಾದು, ಮುಖ್ಯ ಗೇಟಿನಿಂದ ಹೊರಗೆ ನಡೆದಿದ್ದಾರೆ. ಈ ಸುತ್ತೋಲೆ ಹೊರಡಿಸುವವರೆಗೆ ಹಿಂತಿರುಗಿಲ್ಲ. ಟ್ಯಾಂಕುಗಳ ಕವಾಟಗಳಲ್ಲಿ ಯಾವುದು ಯಾವುದರದೆಂದು ಅವರೊಬ್ಬರಿಗೇ ಗೊತ್ತಿದ್ದುದರಿಂದ, ಮುಂದಿನ ಆದೇಶದವರೆಗೆ ಯಾರೂ ಯಾವುದನ್ನೂ ತಿರುಗಿಸುವಂತಿಲ್ಲ.

ಮೇಲ್ಕಂಡ ಅಂಶಗಳನ್ನು ಓದಿ, ನಂಬಿ, ಎಡಕ್ಕೆ ಹದಿನೈದು ಡಿಗ್ರಿ ಬಾಗಿಸಿ ಮುದ್ರೆ ಒತ್ತಿ ಹಿಂದಿರುಗಿಸತಕ್ಕದ್ದು.

(ಮುದ್ರೆ, ಬಾಗಿದೆ)
ಕಶಿವಾಗಿ ತೊಮೊನೊಬು
ಮುಖ್ಯಸ್ಥರು, ಸಾಮಾನ್ಯ ಆಡಳಿತ ವಿಭಾಗ

ಪ್ರತಿಗಳು:
1. ಅಧ್ಯಕ್ಷರಿಗೆ (ಸಂಸ್ಥಾಪಕರ ಸುಪುತ್ರರು, ಕೈಗಳು: ಎರಡು), ಮಾಹಿತಿಗಾಗಿ.
2. ಎಲ್ಲಾ ವಿಭಾಗಗಳ ಮುಖ್ಯಸ್ಥರಿಗೆ. ಡಾಂಬರು ವಿಭಾಗಕ್ಕೆ ಎರಡು ಪ್ರತಿ.
3. ಶಿಲ್ಪಿಗೆ, ಕಾಯುವ ಸಲುವಾಗಿ.
4. ಉಗ್ರಾಣದ ಶ್ರೀಮತಿ ಕುರಿಹಾಶಿ ಅವರಿಗೆ, ಇನ್ನು ಮುಂದೆ ಕೇಳುವ ಸಲುವಾಗಿ.
5. ಶ್ರೀಮತಿ ತೊಬಿತಾ ಫುಕು ಅವರಿಗೆ: ಕಳುಹಿಸತಕ್ಕದ್ದಲ್ಲ.
6. ಶ್ರೀ ತೊಬಿತಾ ಇವಾವೊ ಅವರಿಗೆ: ಎಣ್ಣೆ ಅಂಗಳದಲ್ಲಿ ಖುದ್ದಾಗಿ ತಲುಪಿಸಲು ಹೋದಾಗ ಅವರ ಟೊಪ್ಪಿ ಮೊಳೆಗೆ ನೇತಾಡುತ್ತಿತ್ತು, ಅವರು ಇರಲಿಲ್ಲ. ಪ್ರತಿಯನ್ನು ಟೊಪ್ಪಿಯೊಳಗೆ ಇಟ್ಟು ಬರಲಾಗಿದೆ.