ಛತ್ರಿ ಹಿಡಿದವನ ತಲೆ

ನ್ಯಾಯವಾಗಿ ತೀರ್ಪು ಕೊಡುವುದು ಬಹಳ ಕಷ್ಟದ ಕೆಲಸ ಎಂದು ತಿಳಿದವರೆಲ್ಲ ಹೇಳುತ್ತಾರೆ. ಇರಬಹುದು. ನನ್ನ ಅನುಭವದಲ್ಲಿ ಅದಕ್ಕಿಂತ ಕಷ್ಟದ್ದು ಇನ್ನೊಂದಿದೆ: ತೀರ್ಪು ಕೊಡುವವರ ಪಕ್ಕದಲ್ಲಿ ಸುಮ್ಮನೆ ನಿಂತುಕೊಳ್ಳುವುದು. ಮನುಷ್ಯ ಹುಟ್ಟಾ ತೀರ್ಪುಗಾರ. ಪಕ್ಕದ ಮನೆಯವರ ಹುಲ್ಲು ಎಷ್ಟು ಬೆಳೆದಿದೆ, ಮದುವೆ ಊಟದಲ್ಲಿ ಸಾರು ಹೇಗಿತ್ತು, ಎದುರಿನವರ ಮಗಳು ಯಾಕೆ ಅಷ್ಟು ಜೋರಾಗಿ ನಗುತ್ತಾಳೆ, ಎಲ್ಲಕ್ಕೂ ನಮ್ಮಲ್ಲಿ ಅಂಕಗಳು ಸಿದ್ಧವಾಗಿರುತ್ತವೆ. ಅದನ್ನು ಮುಖದಲ್ಲಿ ತೋರಿಸದೆ ಇರುವುದಕ್ಕೇ ಸಂಸ್ಕಾರ ಎಂಬ ಹೆಸರು. ಈ ಸಂಸ್ಕಾರ ನನಗೆ ಚೆನ್ನಾಗಿ ಒಲಿದಿದೆ ಎಂದು ನಾನು ನಂಬಿಕೊಂಡಿದ್ದೆ. ನಾನು ಆಕ್ಲೆಂಡಿನ ಒಂದು ಆಸ್ಪತ್ರೆಯ ಎಕ್ಸ್‌ರೇ ವಿಭಾಗದಲ್ಲಿ ಕೆಲಸ ಮಾಡುವವನು. ಬೆಳಗಿನಿಂದ ಸಂಜೆಯವರೆಗೆ ನಾನಾಡುವುದು ಎರಡೇ ಮಾತು: 'ಉಸಿರು ಬಿಗಿಹಿಡಿಯಿರಿ', 'ಅಲುಗಾಡಬೇಡಿ'. ಊರಿಗೆಲ್ಲ ಅಲುಗಾಡಬೇಡಿ ಎಂದು ಹೇಳುವವನ ತಲೆಯೇ ಅವನ ಹಿಡಿತದಲ್ಲಿಲ್ಲ ಎಂಬುದು ಒಂದು ದಿನ ತುಂಬಿದ ಮೈದಾನದಲ್ಲಿ ಬಯಲಾಯಿತು.

ಇದಕ್ಕೆಲ್ಲ ಮೂಲ ನನ್ನ ಹೆಂಡತಿ ಶೈಲಾ. ಅವಳು ಅದೇ ಆಸ್ಪತ್ರೆಯಲ್ಲಿ ನರ್ಸು. ಅವಳ ವಾರ್ಡಿಗೆ ಸೊಂಟದ ಮೂಳೆ ಮುರಿದುಕೊಂಡು ಗ್ರಹಾಂ ಎಂಬ ಹಿರಿಯರೊಬ್ಬರು ಬಂದಿದ್ದರು. ಆಕ್ಲೆಂಡಿನ ನ್ಯೂ ಲಿನ್ ಬಡಾವಣೆಯ ಪೈಪ್ ಬ್ಯಾಂಡಿನಲ್ಲಿ ಡ್ರಮ್ ಬಾರಿಸುವವರ ಮುಖ್ಯಸ್ಥರು. ಸ್ಕಾಟ್ಲೆಂಡಿನಿಂದ ಬಂದವರು ತಂದ ಈ ಬ್ಯಾಂಡುಗಳು ನ್ಯೂಜಿಲೆಂಡಿನ ಊರೂರಲ್ಲೂ ಇವೆ; ಅದರಲ್ಲಿ ಚೀಲ ಅವುಚಿಕೊಂಡು ಊದುವವರದು ಒಂದು ಗುಂಪು, ಡ್ರಮ್ ಬಾರಿಸುವವರದು ಇನ್ನೊಂದು. ಈ ಎರಡನೆಯ ಗುಂಪಿಗೆ ಡ್ರಮ್ ಕೋರ್ ಎನ್ನುತ್ತಾರೆ. ಗ್ರಹಾಂ ಮಲಗಿದಲ್ಲೇ ಎರಡು ಚಮಚ ಹಿಡಿದು ಊಟದ ತಟ್ಟೆಯ ಮೇಲೆ ಏನನ್ನೋ ಬಾರಿಸುತ್ತಿದ್ದರಂತೆ. ಶೈಲಾ ಔಷಧಿಯ ಗಾಡಿಯ ಮೇಲೆ ಬೆರಳಲ್ಲೇ ಉತ್ತರ ಕೊಟ್ಟಳಂತೆ. ಮುದುಕರು ಎದ್ದು ಕೂತರಂತೆ. "ನಮ್ಮಲ್ಲಿ ಜನ ಇಲ್ಲ ಡಿಯರ್. ಹಳಬರ ಮೊಣಕಾಲು ಹೋಯಿತು, ಹೊಸಬರು ಬರುವುದಿಲ್ಲ. ಇನ್ನೆರಡು ವರ್ಷ ಹೀಗೇ ಆದರೆ ಡ್ರಮ್ಮುಗಳನ್ನು ಮ್ಯೂಸಿಯಮ್ಮಿಗೆ ಕೊಡಬೇಕು" ಎಂದರಂತೆ. ಶೈಲಾಳಿಗೆ ಯಾರಾದರೂ ಜನ ಇಲ್ಲ ಎಂದರೆ ಸಾಕು, ಸೆರಗು ಸಿಕ್ಕಿಸಿಕೊಂಡು ಹೊರಡುತ್ತಾಳೆ. ಹೀಗೆ ಗದಗಿನ ಮಗಳು ನಲವತ್ತಾರನೆಯ ವಯಸ್ಸಿನಲ್ಲಿ ಟೆನರ್ ಡ್ರಮ್ ಕಟ್ಟಿಕೊಂಡಳು, ಮೊಣಕಾಲಿನವರೆಗಿನ ಚೌಕಳಿ ಕಿಲ್ಟು ಉಟ್ಟಳು. ಫೋನಿನಲ್ಲಿ ಆ ವೇಷ ನೋಡಿದ ನಮ್ಮ ಅತ್ತೆ, "ಯವ್ವಾ, ಉಳದ ಅರ್ಧಾ ಎಲ್ಲೆ ಹೋತು?" ಎಂದು ಗಾಬರಿಯಾದರು. ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಅಭ್ಯಾಸದ ರಬ್ಬರ್ ಹಲಗೆ ಬಂದು ಕೂತಿತು. ಕುಕ್ಕರಿನ ಸೀಟಿಗೂ ಅವಳ ಕೋಲಿಗೂ ಜುಗಲ್‌ಬಂದಿ ಶುರುವಾಯಿತು.

ನನಗೆ ಹಿಡಿದ ಹುಚ್ಚು ಬೇರೆ. ಈ ಡ್ರಮ್ ಕೋರುಗಳಿಗೆ ಸ್ಪರ್ಧೆ ಇರುತ್ತದೆ, ಅದಕ್ಕೊಬ್ಬರು ಜಡ್ಜ್ ಇರುತ್ತಾರೆ, ಅವರು ಬಾರಿಸುವವರ ಸುತ್ತ ನಿಧಾನವಾಗಿ ನಡೆಯುತ್ತ ಕಿವಿಗೊಟ್ಟು ಅಂಕ ಹಾಕುತ್ತಾರೆ ಎಂದು ತಿಳಿದ ಮೇಲೆ ನನ್ನ ತಲೆಯಲ್ಲಿ ಪ್ರಶ್ನೆಗಳು ಮೊಳೆಯತೊಡಗಿದವು. ಹತ್ತು ಡ್ರಮ್ಮಿನ ಗದ್ದಲದಲ್ಲಿ ಎಡವಿದ್ದು ಯಾರು ಎಂದು ಎರಡು ಕಿವಿಗೆ ಹೇಗೆ ತಿಳಿಯುತ್ತದೆ? ಬೆಳಿಗ್ಗೆ ಕೇಳಿದ ತಂಡಕ್ಕೂ ಊಟ ಮಾಡಿ ಕೇಳಿದ ತಂಡಕ್ಕೂ ಒಂದೇ ನ್ಯಾಯ ಸಿಗುತ್ತದೆಯೇ? ಸೋತವರೆಲ್ಲ ಜಡ್ಜ್ ಸರಿಯಿಲ್ಲ ಎನ್ನುತ್ತಾರೆ, ಗೆದ್ದವರು ಯಾಕೆ ಎಂದೂ ಅನ್ನುವುದಿಲ್ಲ? ಮನೆಗೆ ಚಹಾಕ್ಕೆ ಬಂದಿದ್ದ ಗ್ರಹಾಂ ಅವರ ಬಳಿ ಇದನ್ನೆಲ್ಲ ಕೇಳಿದೆ. ನಮ್ಮ ಮಗಳು ಅನು ಫೋನಿನಿಂದ ತಲೆ ಎತ್ತದೆ, "ಅಪ್ಪ, ಜಸ್ಟ್ ಯೂಸ್ ಎ ಕಂಪ್ಯೂಟರ್" ಎಂದಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ. ಉತ್ತರ ಮಾತ್ರ ಬೇರೆ ಭಾಷೆಯಿಂದ ಬರುತ್ತದೆ. ಗ್ರಹಾಂ ಚಕ್ಕುಲಿಯನ್ನು ಚಹಾದಲ್ಲಿ ಅದ್ದುತ್ತ ಯೋಚಿಸಿದರು. "ಎಲ್ಲ ಕೋಲೂ ಒಟ್ಟಿಗೆ ಬಿದ್ದವೇ ಎಂದು ಕಂಪ್ಯೂಟರ್ ಹೇಳಬಹುದು. ಮೈ ಝುಮ್ಮೆಂದಿತೇ ಎಂದು ಹೇಳಬೇಕಾದರೆ ಅದಕ್ಕೂ ಮೈ ಇರಬೇಕಲ್ಲ" ಎಂದರು. ಆ ಮಾತು ನನಗೆ ಬಹಳ ಹಿಡಿಸಿತು. ಜಡ್ಜ್ ಒಬ್ಬರನ್ನು ಹತ್ತಿರದಿಂದ ನೋಡಲೇಬೇಕು ಎನಿಸಿತು.

ಅವಕಾಶ ತಾನಾಗಿ ಬಂತು. ಗ್ರಹಾಂ ಮತ್ತೆ ನಿಂತು ಬಾರಿಸುವಂತಾಗಿದ್ದರು; ಒಂದು ಶನಿವಾರ ನ್ಯೂ ಲಿನ್‌ನ ಮೈದಾನದಲ್ಲಿ ಎರಡು ಕೋರುಗಳ ನಡುವೆ ಸ್ಪರ್ಧೆ: ಗ್ರಹಾಂ ಅವರದು ಒಂದು, ಮನುಕಾವ್‌ನಿಂದ ಬಂದ ಹುಡುಗ ಹುಡುಗಿಯರದು ಇನ್ನೊಂದು. ಗೆದ್ದವರಿಗೆ ದಕ್ಷಿಣದ ದೂರದ ಊರು ಡನೀಡಿನ್‌ನ ದೊಡ್ಡ ಸ್ಪರ್ಧೆಗೆ ಹೋಗುವ ಭಾಗ್ಯ. ಗ್ರಹಾಂ ಹತ್ತು ವರ್ಷದಿಂದ ಡನೀಡಿನ್ ಮುಟ್ಟಿರಲಿಲ್ಲ; ಇದೇ ಕೊನೆ, ಈ ಸಲ ಆಗದಿದ್ದರೆ ಕೋರು ಮುಚ್ಚುತ್ತೇನೆ ಎಂದು ಹೇಳಿಬಿಟ್ಟಿದ್ದರು. ಶೈಲಾ ಒಂದು ವಾರದಿಂದ ನಿದ್ದೆಯಲ್ಲೂ ಹಾಸಿಗೆ ಬಡಿಯುತ್ತಿದ್ದಳು. ಜಡ್ಜ್ ಡನೀಡಿನ್‌ನಿಂದ ಬಂದಿದ್ದ ಫಿಯೋನಾ ಎಂಬ ಕುಳ್ಳಗಿನ, ಬೆಳ್ಳಿ ಕೂದಲಿನ ಹೆಂಗಸು. ಆಕ್ಲೆಂಡಿನ ವಾಡಿಕೆಯಂತೆ ಬಿಸಿಲಿನ ನಡುವೆಯೇ ಸೋನೆ ಹಿಡಿಯಿತು. ಬರೆಯುವ ಹಾಳೆ ನೆನೆಯುತ್ತದೆ, ಅವರ ಹಿಂದೆ ಛತ್ರಿ ಹಿಡಿದು ನಡೆಯಲು ಯಾರಾದರೂ ಬನ್ನಿ ಎಂದು ಸಂಘಟಕರು ಕೂಗಿದರು. ಉಳಿದವರು ಆಕಾಶ ನೋಡುವಷ್ಟರಲ್ಲಿ ನಾನು ಓಡಿದ್ದೆ. ಶೈಲಾ ಓಡಿಬಂದು ಎಚ್ಚರಿಕೆ ಕೊಟ್ಟಳು: "ನೋಡ್ರಿ, ಬಾಯಿ ತಗೀಬ್ಯಾಡ್ರಿ ಮತ್ತ. ಭೇಷ್ ಅನ್ನೂದು, ವ್ಹಾ ಅನ್ನೂದು ಏನೂ ಬ್ಯಾಡ. ಸುಮ್ನ ಛತ್ರಿ ಹಿಡೀರಿ." ನಾನು ಬಾಯಿಗೆ ಬೀಗ ಎಂದು ಸನ್ನೆ ಮಾಡಿದೆ. ಬಾಯಿಯ ಮೇಲೆ ಒಂದು ಗೇಣು ಎತ್ತರದಲ್ಲಿ ಇನ್ನೂ ಒಂದು ಅಪಾಯ ಇದೆ ಎಂದು ಅವಳಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಮೊದಲು ಮನುಕಾವ್‌ನವರು. ಅವರ ಮುಂದಾಳು ಮೆಲೆ ಎಂಬ ಟೊಂಗಾ ದ್ವೀಪದ ಮೂಲದ ತರುಣಿ. ಅವಳು ಕೋಲು ಎತ್ತಿದ್ದೇ ತಡ, ಸೋನೆ ಮಳೆಯೇ ತಾಳಕ್ಕೆ ಬಂದಂತಾಯಿತು. ಪಿಸುಮಾತಿನಷ್ಟು ಮೆಲ್ಲಗೆ ಶುರುವಾದದ್ದು ಏರುತ್ತ ಏರುತ್ತ ಹೋಗಿ ಒಮ್ಮೆಲೇ ನಿಂತು, ನಾವು ಉಸಿರು ಬಿಡುವ ಮೊದಲೇ ಮತ್ತೆ ಎತ್ತಿಕೊಂಡಿತು. ಇಲ್ಲಿ ನಮ್ಮ ಅಪ್ಪನ ವಿಷಯ ಹೇಳಲೇಬೇಕು. ಗದಗಿನಲ್ಲಿ ಎಲ್ಲಿ ಬೈಠಕ್ ನಡೆದರೂ ಅಪ್ಪ ಮೊದಲ ಸಾಲಿನಲ್ಲಿ. ಅವರು ತಲೆದೂಗುವ ರೀತಿಗೆ ತಬಲಾದವರೂ ಗಾಯಕರನ್ನು ಬಿಟ್ಟು ಅಪ್ಪನನ್ನೇ ನೋಡಿ ಬಾರಿಸುತ್ತಿದ್ದರು. ಕ್ಷೌರದಂಗಡಿಯ ಹನುಮಂತಪ್ಪ, "ಮಾಸ್ತರ್ರ, ರೇಡಿಯೋ ಹಚ್ಚಿದಾಗ ನಿಮ್ಮ ದಾಡಿ ಮಾಡಂಗಿಲ್ಲ, ಕಿವಿ ಹೋದ್ರ ನನ್ನ ಕೇಳಬ್ಯಾಡ್ರಿ" ಎನ್ನುತ್ತಿದ್ದ. ಅಪ್ಪನಿಂದ ನನಗೆ ಬಂದ ಆಸ್ತಿ ಅದೊಂದೇ. ಒಳ್ಳೆಯ ಲಯ ಕಿವಿಗೆ ಬಿದ್ದರೆ ನನ್ನ ತಲೆ ಎಡಕ್ಕೆ ಬಲಕ್ಕೆ ತೂಗುತ್ತದೆ, ನನ್ನನ್ನು ಕೇಳುವುದಿಲ್ಲ. ಅದಕ್ಕೆ ನಾನು ಮಾಲೀಕನಲ್ಲ, ಬಾಡಿಗೆದಾರ. ಆವತ್ತೂ ಅದು ತೂಗಿತು. ಕಣ್ಣು ಅರೆಮುಚ್ಚಿ, ಹುಬ್ಬು ಗಂಟಿಕ್ಕಿ, ಅಯ್ಯೋ ಎಷ್ಟು ಚೆನ್ನ ಎಂಬ ನೋವಿನ ಮುಖ ಮಾಡಿ ತೂಗಿದೆ. ಕಣ್ಣು ಬಿಟ್ಟಾಗ ಮೆಲೆ ನನ್ನನ್ನೇ ನೋಡುತ್ತಿದ್ದಳು. ಮುಖ ಬಿಳಿಚಿತ್ತು. ನಾನು ಪ್ರೋತ್ಸಾಹಕ್ಕೆಂದು ಇನ್ನೂ ಜೋರಾಗಿ ತೂಗಿದೆ. ಅವಳ ಕೋಲು ಜಾರಿತು, ಹಿಂದಿನವರು ಮುಗ್ಗರಿಸಿದರು, ಕೊನೆಯ ಪೆಟ್ಟು ಮೂರು ಕಡೆ ಬಿತ್ತು.

ಆಮೇಲೆ ನಮ್ಮವರು. ಗ್ರಹಾಂ ಬಸ್ಸು ತಪ್ಪಿಹೋಗುತ್ತದೆ ಎನ್ನುವಂತೆ ಅವಸರ ಮಾಡಿದರು. ಶೈಲಾ ಮುಂದಿನ ಬಸ್ಸಿಗೆ ಕಾಯುವವಳಂತೆ ಹಿಂದೆ ಉಳಿದಳು. ನಾನು ಛತ್ರಿ ಹಿಡಿದು ಕಂಬದಂತೆ ನಿಂತಿದ್ದೆ. ಹೆಂಡತಿಯ ತಂಡದ ಎದುರು ಎಷ್ಟು ನಿಷ್ಪಕ್ಷಪಾತಿಯಾಗಿದ್ದೇನೆ ಎಂದು ಒಳಗೊಳಗೇ ಹೆಮ್ಮೆಪಡುತ್ತಿದ್ದೆ. ಒಂದು ಅಂಕದಿಂದ ನ್ಯೂ ಲಿನ್ ಗೆದ್ದಿತು. ಗ್ರಹಾಂ ಅತ್ತೇಬಿಟ್ಟರು. ಶೈಲಾ ಪದಕ ಹಾಕಿಕೊಂಡು ಓಡಿಬಂದು, "ಏನ್ರೀ, ಡನೀಡಿನ್ ರೀ!" ಎಂದು ನನ್ನ ಕೈ ಹಿಡಿದು ಕುಣಿದಳು. ಅಷ್ಟರಲ್ಲಿ ಮೆಲೆ ಬಂದಳು. ಜಗಳದ ದನಿಯಲ್ಲ, ನೊಂದ ದನಿ. ಫಿಯೋನಾ ಅವರಿಗೆ ಹೇಳಿದಳು: "ಛತ್ರಿ ಹಿಡಿದವರು ನಮ್ಮನ್ನು ನೋಡಿ ಉದ್ದಕ್ಕೂ 'ಇಲ್ಲ, ಇಲ್ಲ' ಎಂದು ತಲೆ ಆಡಿಸಿದರು. ನಿಮ್ಮ ಹಾಳೆಯಲ್ಲಿ ಏನೋ ಕೆಟ್ಟದ್ದು ಕಂಡಿತು ಅಂದುಕೊಂಡೆ. ಅವರ ಹೆಂಡತಿ ಆ ತಂಡದಲ್ಲಿದ್ದಾರಂತೆ."

ಸಂಘಟಕರ ಗುಡಾರದೊಳಗೆ ವಿಚಾರಣೆ ನಡೆಯಿತು. ಅದು ಬೈದದ್ದಲ್ಲ, ಹೊಗಳಿದ್ದು, ನಮ್ಮ ಕಡೆ ಅದಕ್ಕಿಂತ ದೊಡ್ಡ ಸನ್ಮಾನವೇ ಇಲ್ಲ, ಶಾಲು ಹೊದಿಸುವುದೂ ಅದರ ಮುಂದೆ ಕಡಿಮೆ ಎಂದು ನಾನು ಬೆವರುತ್ತ ವಿವರಿಸಿದೆ. ಫಿಯೋನಾ ಕೋಪಿಸಿಕೊಳ್ಳಲಿಲ್ಲ, ಅವರಿಗೆ ನನಗಿಂತ ಹೆಚ್ಚು ಕುತೂಹಲ. ಇನ್ನೊಮ್ಮೆ ಮಾಡಿ ತೋರಿಸಿ ಎಂದರು. ಮಾಡಿದೆ. ತಾವೂ ಮಾಡಿ ನೋಡಿದರು, ಅವರ ಕನ್ನಡಕ ಜಾರಿತು. ಆಮೇಲೆ ಪೆನ್ನು ಕೆಳಗಿಟ್ಟು ಹೇಳಿದರು: "ಎರಡೂ ತಂಡಕ್ಕೆ ಹೀಗೆ ಮಾಡಿದ್ದರೆ ಅದು ಮಳೆ ಇದ್ದ ಹಾಗೆ, ಇಬ್ಬರ ಮೇಲೂ ಬಿತ್ತು. ಫಲಿತಾಂಶ ನಿಲ್ಲುತ್ತದೆ. ಒಂದಕ್ಕೆ ಮಾತ್ರ ಮಾಡಿದ್ದರೆ ಅವರು ಮತ್ತೆ ಬಾರಿಸಬೇಕು. ನಿಮ್ಮ ಹೆಂಡತಿಯ ತಂಡಕ್ಕೂ ತಲೆ ಆಡಿಸಿದಿರಾ?"

ಶೈಲಾ ಪದಕವನ್ನು ಕೈಯಲ್ಲಿ ಮುಚ್ಚಿ ಹಿಡಿದು ನನ್ನನ್ನೇ ನೋಡುತ್ತಿದ್ದಳು. ಹೌದು ಎಂದರೆ ಡನೀಡಿನ್ ಉಳಿಯುತ್ತದೆ, ಗ್ರಹಾಂ ಉಳಿಯುತ್ತಾರೆ, ನನ್ನ ಸಂಸಾರ ಉಳಿಯುತ್ತದೆ. ಇಲ್ಲ ಎಂದರೆ ಎರಡು ಪೆಟ್ಟು: ಪದಕವೂ ಹೋಗುತ್ತದೆ, ಗಂಡನಿಗೆ ತನ್ನ ಡ್ರಮ್ಮು ಹಿಡಿಸಲಿಲ್ಲ ಎಂಬುದೂ ನಾಲ್ಕು ಜನರೆದುರು ದಾಖಲಾಗುತ್ತದೆ. ಮೆಲೆಯ ಮುಖ ನೋಡಿದೆ. ಅಷ್ಟು ಚೆನ್ನಾಗಿ ಬಾರಿಸಿದ ಹುಡುಗಿ ನನ್ನ ತಲೆಯ ದೆಸೆಯಿಂದ ಕಣ್ಣಲ್ಲಿ ನೀರು ತಂದುಕೊಂಡು ನಿಂತಿದ್ದಳು. "ಇಲ್ಲ" ಎಂದೆ. ಫಿಯೋನಾ ಅಲ್ಲಿಗೆ ಬಿಡಬಹುದಿತ್ತು. "ಯಾಕೆ?" ಎಂದು ಕೇಳಿದರು. ಕುತೂಹಲಿಗಳ ಹಣೆಬರಹವೇ ಇಷ್ಟು. "ಬರಲಿಲ್ಲ" ಎಂದೆ.

ಮನುಕಾವ್‌ನವರು ಮತ್ತೆ ಬಾರಿಸಿದರು. ನನ್ನನ್ನು ಮೈದಾನದಾಚೆಯ ಶೆಡ್ಡಿನ ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದರು. ಅಲ್ಲಿ ಗೋಡೆಗೆ ಮನಸಾರೆ ತಲೆದೂಗಿದೆ. ಅವರು ಸುಲಭವಾಗಿ ಗೆದ್ದರು. ಮನೆಗೆ ಬರುವಾಗ ಕಾರಿನ ಹಿಂದಿನ ಸೀಟಿನಿಂದ ಅನು, "ಅಪ್ಪ, ದಟ್ ವಾಸ್ ಬ್ರೂಟಲ್" ಎಂದಳು. ಮನೆ ಬಂದ ಮೇಲೆ ಶೈಲಾ ಬಾಯಿ ಬಿಟ್ಟಳು: "ಇಪ್ಪತ್ತು ವರ್ಷ ನನ್ನ ಜುಣಕಕ್ಕ, ನನ್ನ ಎಣ್ಣಿಗಾಯಿಗೆ ತಲಿ ತೂಗೀರಿ. ಅದರಾಗ ಖರೇ ಎಷ್ಟು, ಸುಳ್ಳು ಎಷ್ಟು, ಈಗ ಹೆಂಗ ಗೊತ್ತಾಗಬೇಕ್ರಿ ನನಗ?" ಅವತ್ತಿನಿಂದ ಊಟಕ್ಕೆ ಕೂತಾಗ ತಲೆ ತೂಗಿದರೂ ಅನುಮಾನ, ತೂಗದಿದ್ದರೂ ಅವಮಾನ. ರಬ್ಬರ್ ಹಲಗೆ ಅಡುಗೆಮನೆಯಿಂದ ಗ್ಯಾರೇಜಿಗೆ ಹೋಯಿತು, ಬಾಗಿಲು ಮುಚ್ಚಿ ಅಭ್ಯಾಸ ಶುರುವಾಯಿತು. ನನಗೆ ಪ್ರವೇಶವಿಲ್ಲ.

ಗ್ರಹಾಂ ಮಾತ್ರ ಮರುವಾರವೇ ನಗುತ್ತ ಬಂದರು. ಡನೀಡಿನ್‌ಗೆ ಹೊರಟ ಮೆಲೆಗೆ ಜನ ಸಾಲದೆ ಬಂದಿತ್ತು. ಕೆಲವರಿಗೆ ಪರೀಕ್ಷೆ, ಕೆಲವರಿಗೆ ಕೆಲಸ. ಹಳಬರ ಬಳಿ ಜನ ಇಲ್ಲ, ಹೊಸಬರ ಬಳಿಯೂ ಜನ ಇಲ್ಲ. ಇಬ್ಬರೂ ಜಡ್ಜನ್ನು ಬೈಯುವ ಬದಲು ಒಬ್ಬರನ್ನೊಬ್ಬರು ಎಣಿಸಿಕೊಂಡು ನೋಡಿದರೆ ಒಂದು ಒಳ್ಳೆಯ ಕೋರು ಆಗುತ್ತಿತ್ತು. ಆಯಿತು. ಮೆಲೆ ಮುಂದಾಳು, ಗ್ರಹಾಂ ಅವಳ ಬಲಗಡೆ, ಶೈಲಾ ಹಿಂದಿನ ಸಾಲು. ಡನೀಡಿನ್‌ನಲ್ಲಿಯೂ ಫಿಯೋನಾ ಅವರೇ ಜಡ್ಜ್, ಅಲ್ಲಿಯೂ ಮಳೆ. "ಆ ಪ್ರಾಮಾಣಿಕ ತಲೆಯವರು ಬಂದಿದ್ದಾರೆಯೇ?" ಎಂದು ಅವರೇ ಕೇಳಿ ಕಳುಹಿಸಿದರು, ಉಳಿದ ತಂಡಗಳೂ ನನ್ನ ಕತೆ ಕೇಳಿ ನಕ್ಕು ಒಪ್ಪಿದವು. ಶೈಲಾ ಮಾತ್ರ ಚೀಲದಿಂದ ನನ್ನ ಹಳೆಯ ಕುತ್ತಿಗೆ ನೋವಿನ ಕಾಲರ್ ತೆಗೆದಳು. "ಇದನ್ನ ಕಟ್ಕೊಂಡು ಹೋಗೂದಿದ್ರ ಹೋಗ್ರಿ" ಎಂದು ತಾನೇ ಬಿಗಿದಳು. ನರ್ಸಿನ ಕೈ, ಕೂದಲೆಳೆಯಷ್ಟೂ ಸಡಿಲವಿಲ್ಲ.

ನಮ್ಮವರ ಸರದಿ ಬಂತು. ಏನು ಹೇಳಲಿ! ಗ್ಯಾರೇಜಿನ ಬಾಗಿಲ ಹಿಂದೆ ಅವಳು ಏನು ಮಾಡುತ್ತಿದ್ದಳೆಂದು ಆಗ ತಿಳಿಯಿತು. ಮೆಲೆ ಕೇಳಿದ ಪ್ರಶ್ನೆಗೆ ಹಿಂದಿನ ಸಾಲಿನಿಂದ ಶೈಲಾಳ ಡ್ರಮ್ಮು ಮನೆಯ ಹಿರಿಯಳಂತೆ ಸಾವಧಾನವಾಗಿ ಉತ್ತರ ಕೊಟ್ಟಿತು. ತೂಗಬೇಕೆಂದರೆ ತಲೆ ಅಲುಗದು! ಇಪ್ಪತ್ತು ವರ್ಷದಲ್ಲಿ ಅವಳಿಗೆ ನ್ಯಾಯವಾಗಿ ಸಲ್ಲಬೇಕಾದ ತಲೆದೂಗುವಿಕೆಯ ಆ ಒಂದು ಗಳಿಗೆಯಲ್ಲಿ ನಾನು ಪ್ಲಾಸ್ಟಿಕ್ಕಿನೊಳಗೆ ಸಿಕ್ಕಿಕೊಂಡು ಮತ್ತೆ ಕಂಬದಂತೆ ನಿಂತಿದ್ದೆ. ಮೂರನೆಯ ಸ್ಥಾನ ಬಂತು. ಎಲ್ಲರೂ ಹಬ್ಬದಂತೆ ಕುಣಿದರು. ಫಿಯೋನಾ ಮಾತ್ರ ನನ್ನನ್ನು ಪಕ್ಕಕ್ಕೆ ಕರೆದು, ತಲೆ ಒರೆಸಿಕೊಳ್ಳುತ್ತ ಮೆಲ್ಲಗೆ ಹೇಳಿದರು: "ಎರಡನೆಯ ಸ್ಥಾನಕ್ಕೆ ಒಂದೇ ಅಂಕ ಕಡಿಮೆ. ಕೊನೆಯ ಭಾಗ ನನಗೆ ಸರಿಯಾಗಿ ಕೇಳಿಸಲೇ ಇಲ್ಲ. ನೀವು ಛತ್ರಿಯನ್ನು ಅಷ್ಟು ತೂಗಿದ್ದಕ್ಕೆ ನನ್ನ ಕಿವಿಯೊಳಗೆ ನೀರು ಹೋಗಿತ್ತು."

ಅಷ್ಟರಲ್ಲಿ ಶೈಲಾ ಬಂದಳು. ಕೆನ್ನೆ ಕೆಂಪಾಗಿತ್ತು, ಕಣ್ಣು ಹೊಳೆಯುತ್ತಿತ್ತು. "ತಲಿ ಕಟ್ಟಿದ್ರೇನಾತು, ನಿಮ್ಮ ಛತ್ರಿ ಅಳ್ಳಾಡೂದು ನಾ ನೋಡಿದ್ನಿ. ಇಷ್ಟು ವರ್ಷಕ್ಕ ಇದೊಂದು ಖರೇ ಅನಿಸ್ತು ನೋಡ್ರಿ" ಎಂದು ನನ್ನ ತೋಳು ಹಿಡಿದಳು. ಆಮೇಲೆ ನೆನಪಾಗಿ ಕೇಳಿದಳು: "ಜಡ್ಜ್ ಬಾಯಾರು ನಿಮಗೇನೋ ಹೇಳಾಕತ್ತಿದ್ರಲ್ಲ, ಏನಂದ್ರು? ನಮ್ಮದು ಚಲೋ ಆತಂತೇನು?"

ನಾನು ಕಾಲರ್ ತೋರಿಸಿ, ಮಾತಾಡಿದರೆ ನೋಯುತ್ತದೆ ಎಂದು ಸನ್ನೆ ಮಾಡಿದೆ. ನಾವು ಮನೆ ತಲುಪುವವರೆಗೂ ಅದನ್ನು ಬಿಚ್ಚಲಿಲ್ಲ.