ಮಾವನ ಉಳಿಕೆ ಗರಿಗಳು

ನನ್ನ ಸೋದರಮಾವನಷ್ಟು ಶ್ರದ್ಧೆಯಿಂದ ಮೀನು ಹಿಡಿಯದೆ ಇದ್ದ ಮನುಷ್ಯ ಪುತ್ತೂರು ತಾಲೂಕಿನಲ್ಲಿಯೇ ಇನ್ನೊಬ್ಬರಿರಲಿಲ್ಲ! ನೀವು ಕೇಳಬಹುದು: ಮೀನು ಹಿಡಿಯದೆ ಇರುವುದಕ್ಕೆ ಶ್ರದ್ಧೆ ಯಾಕೆ? ನಾವೆಲ್ಲ ಹಿಡಿಯದೆ ಆರಾಮವಾಗಿ ಕುಳಿತಿಲ್ಲವೇ? ಕುಳಿತಿದ್ದೇವೆ, ಒಪ್ಪಿದೆ. ಆದರೆ ನಾವು ಕುಳಿತಿರುವುದು ಜಗಲಿಯಲ್ಲಿ. ಮಾವನಾದರೋ ಉದ್ದದ ಬಿದಿರ ಕೋಲು, ರೇಷ್ಮೆಯ ದಾರ, ಕೈಯಾರೆ ಮಾಡಿದ ಹುಳಗಳ ಡಬ್ಬಿ, ತಲೆಗೊಂದು ಹಳೆಯ ಟೊಪ್ಪಿ, ಇಷ್ಟನ್ನೂ ಹೊತ್ತುಕೊಂಡು ಹೋಗಿ, ಕುಮಾರಧಾರೆಯ ನೀರಿನಲ್ಲಿ ಮೊಣಕಾಲುಮಟ್ಟ ನಿಂತು, ಬೆಳಗಿನಿಂದ ಮಧ್ಯಾಹ್ನದವರೆಗೆ ಮೀನು ಹಿಡಿಯುತ್ತಿರಲಿಲ್ಲ. ವ್ಯತ್ಯಾಸ ಉಂಟೋ ಇಲ್ಲವೋ ನೀವೇ ಹೇಳಿ.

ಈ ರೋಗ ಅವರಿಗೆ ಅಂಟಿದ್ದು ಗುಂಡ್ಯದ ಮೇಲಿನ ಒಂದು ಎಸ್ಟೇಟಿನಲ್ಲಿ. ಮಾವ ಅಲ್ಲಿ ಆಳುಗಳ ಹಾಜರಿ ನೋಡುವ ರೈಟರಾಗಿದ್ದರು. ಅಲ್ಲಿಯ ಬಿಳಿ ದೊರೆಗೆ ಭಾನುವಾರವೆಂದರೆ ಮೀನು. ಆದರೆ ಗಾಳಕ್ಕೆ ಎರೆಹುಳ ಸಿಕ್ಕಿಸುವುದು ಆತನ ಕುಲಕ್ಕೆ ನಿಷಿದ್ಧ! ಹುಂಜದ ಕುತ್ತಿಗೆಯ ಒಂದು ಗರಿಯನ್ನು ಗಾಳದ ಮೈಗೆ ಸುತ್ತಿ ನೂಲಿನಿಂದ ಬಿಗಿದರೆ, ಗರಿಯ ಎಳೆಗಳು ಸುತ್ತಲೂ ನಿಮಿರಿ ನಿಲ್ಲುತ್ತವೆ, ಥೇಟು ಹುಳದ ಕಾಲುಗಳ ಹಾಗೆ. ನೀರಿನ ಮೇಲೆ ಎಸೆದರೆ ಅದು ತೇಲುತ್ತದೆ. ಮೀನು ಅದನ್ನು ನೊಣವೋ ಮಿಡತೆಯೋ ಎಂದು ತಿಳಿದು ಹಾರಿ ನುಂಗುತ್ತದೆ. ದೊರೆಯ ಗಾಳವನ್ನು ನುಂಗುತ್ತಲೂ ಇತ್ತಂತೆ. ದೊರೆ ತನ್ನ ದೇಶಕ್ಕೆ ಹೊರಟಾಗ ಕೋಲು, ಟೊಪ್ಪಿ, ಗಾಳವನ್ನು ಕಚ್ಚಿ ಹಿಡಿಯುವ ಪುಟ್ಟ ಇಕ್ಕಳ, ಎಲ್ಲವನ್ನೂ ಮಾವನಿಗೆ ಒಪ್ಪಿಸಿ ಹೋದ. ಮೀನುಗಳಿಗೆ ಮಾತ್ರ ಹೇಳಿಹೋಗಲು ಮರೆತನೆಂದು ಕಾಣುತ್ತದೆ!

ಆಮೇಲೆ ಎಸ್ಟೇಟು ಕೈ ಬದಲಾಯಿತು. ಹೊಸ ಯಜಮಾನರು ತಮ್ಮದೇ ರೈಟರನ್ನು ಕರೆತಂದರು. ಮಾವ ಆಲಂಕಾರಿನ ಹತ್ತಿರ, ಹೊಳೆಯ ಬದಿಯ ತಮ್ಮ ಮನೆಗೆ ಬಂದು ಕುಳಿತರು. ನಾನೂ ಆ ಕಾಲಕ್ಕೆ ಅಲ್ಲಿಯ ಶಾಲೆಗೆ ಮಾಸ್ತರನಾಗಿ ಬಂದಿದ್ದೆ. ಮಕ್ಕಳಿಲ್ಲದ ಮಾವ ಮತ್ತು ಅತ್ತೆಯ ಮನೆಯಲ್ಲಿಯೇ ನನಗೆ ಊಟ, ವಾಸ್ತವ್ಯ. ಹಾಗಾಗಿ ಮುಂದೆ ಹೇಳುವುದೆಲ್ಲ ಕಣ್ಣಾರೆ ಕಂಡದ್ದು. ಸ್ವಲ್ಪ ಹೆಚ್ಚು ಹೇಳಿದರೆ ಅದು ಕಣ್ಣಿನ ದೋಷ.

ಹುಳಕ್ಕೆ ಗರಿ ಬೇಕು, ಗರಿಗೆ ಹುಂಜ ಬೇಕು. ನಮ್ಮ ಊರಿನಲ್ಲಿ ಹುಂಜಕ್ಕೇನು ಬರಗಾಲವೇ? ಗದ್ದೆ ಕೊಯ್ಲು ಮುಗಿದರೆ ಅಲ್ಲಲ್ಲಿ ಕೋಳಿ ಅಂಕ, ಹುಂಜಗಳ ಕಾಳಗ. ಎಲ್ಲರ ಕಣ್ಣು ಹುಂಜದ ಕಾಲಿಗೆ ಕಟ್ಟಿದ ಬಾಳುಕತ್ತಿಯ ಮೇಲಿದ್ದರೆ ಮಾವನ ಕಣ್ಣು ಕುತ್ತಿಗೆಯ ಮೇಲೆ. ಒಮ್ಮೆ ಒಂದು ಕೆಂಪು ಹುಂಜವನ್ನು ಕಂಡು ಮೈಮರೆತು, “ಅಬ್ಬಾ, ಎಂತಹ ಹುಂಜ ಮಾರಾಯ್ರೆ! ಇಂಥದ್ದನ್ನು ನಾನು ನೋಡ್ಲೇ ಇಲ್ಲ!” ಎಂದು ಕೂಗಿಬಿಟ್ಟರು. ದೊರೆಯ ಟೊಪ್ಪಿ ಇಟ್ಟ ಮನುಷ್ಯ ಹೀಗೆ ಹೇಳಬೇಕಾದರೆ ಏನೋ ಗುಟ್ಟಿರಬೇಕೆಂದು ಅರ್ಧ ಗದ್ದೆ ಆ ಹುಂಜದ ಮೇಲೆಯೇ ಪಂಥ ಕಟ್ಟಿತು. ಆ ಹುಂಜವೋ, ಎದುರಾಳಿ ಒಮ್ಮೆ ರೆಕ್ಕೆ ಬಡಿದದ್ದೇ ತಡ, ಜನರ ಕಾಲುಗಳ ಸಂದಿನಿಂದ ನುಸುಳಿ ಮರ ಹತ್ತಿ ಕುಳಿತುಕೊಂಡಿತು! ಸೋತವರು ಮಾವನನ್ನು ಸುತ್ತುವರಿದರು.

“ಎಂತ ಯಜಮಾನ್ರೆ, ನೀವೇ ಅಲ್ಲವಾ ಹೊಗಳಿದ್ದು?”

“ನಾನು ಹೊಗಳಿದ್ದು ಕುತ್ತಿಗೆಯ ಗರಿಯನ್ನು. ಜಗಳ ಮಾಡ್ಲಿಕ್ಕೆ ಬರ್ತದೆ ಅಂತ ಹೇಳಿದೆನಾ?”

ಊರಿನಲ್ಲಿ ಯಾರ ಮನೆಯಲ್ಲಿ ಕೋಳಿ ಕೊಯ್ದರೂ ಅಲ್ಲಿ ಮಾವ ಹಾಜರು. ಗರಿ ಕೀಳುವುದಕ್ಕೆ ಕೋಳಿಯನ್ನು ಬಿಸಿನೀರಿಗೆ ಅದ್ದುತ್ತಾರಷ್ಟೆ? ಅಷ್ಟರೊಳಗೆ ಓಡಿಹೋಗಿ ಅಡ್ಡ ಕೈ ಹಿಡಿಯುವರು. “ನೀರಿಗೆ ಹಾಕ್ಬೇಡಿ, ಹಾಳಾಗ್ತದೆ!” ಆಮೇಲೆ ಒಂದೊಂದೇ ಗರಿಯನ್ನು ಬಿಡಿಸಿ, ಬೆಳಕಿಗೆ ಹಿಡಿದು, ಊದಿ, ನೇವರಿಸಿ ಡಬ್ಬಿಗೆ ಹಾಕುವುದು. ಒಳಗೆ ಮಸಾಲೆ ಅರೆದು ಮುಗಿದು, ನೀರು ಕುದಿದು ಆರಿ, ನೆಂಟರು ಹಸಿದು ಕುಳಿತು, ಕಡೆಗೆ ಕೋಳಿಯ ಬದಲು ಮೊಟ್ಟೆ ಸಾರು ಉಂಡು ಎದ್ದ ಮನೆಯೂ ಉಂಟು.

ಅದ್ರಾಮ ಬ್ಯಾರಿ ಮಾವನ ಗೆಳೆಯ. ಸೈಕಲಿನಲ್ಲಿ ಪೋಂ ಪೋಂ ಎಂದು ಹಾರ್ನ್ ಒತ್ತುತ್ತ ಮನೆಮನೆಗೆ ಕಡಲ ಮೀನು ಮಾರಿ, ಹಿಂದಿರುಗುವಾಗ ಊರ ಕೋಳಿ ಖರೀದಿಸುವುದು ಆತನ ವ್ಯಾಪಾರ. ಪೊಟ್ಟಣ ಕಟ್ಟಿ ಗರಿ ತಂದುಕೊಡುತ್ತ ಹೇಳುವನು:

“ಲೋಕದಲ್ಲಿ ಎಲ್ಲರೂ ಕೋಳಿಯ ಕಾಲು ಕೇಳುದು ಯಜಮಾನ್ರೆ. ನೀವೊಬ್ರೇ ಕಾಲರು ಕೇಳುದು!”

ಇಷ್ಟರವರೆಗೆ ಅತ್ತೆಯ ತಕರಾರು ಹೆಚ್ಚಿಗೆ ಇರಲಿಲ್ಲ. ತಕರಾರು ಶುರುವಾದದ್ದು ಉಳಿಕೆಯಿಂದ. ಒಂದು ಹುಂಜದ ಕುತ್ತಿಗೆಯಲ್ಲಿ ಹುಳಕ್ಕೆ ಸರಿಯಾದ ಗರಿ, ತಲೆಯ ಹತ್ತಿರದ ಸಣ್ಣವು ಕೆಲವು ಮಾತ್ರ. ಕೆಳಗಿನವು ಉದ್ದ, ಅಗಲ, ಬುಡದಲ್ಲಿ ಹತ್ತಿಯಂತೆ ಮೆತ್ತಗೆ. ದೊರೆ ಅವನ್ನು ಬೆಂಕಿಗೆ ಹಾಕುತ್ತಿದ್ದನಂತೆ. ಮಾವನಿಗೆ ಅದು ಸಹಿಸುವುದಿಲ್ಲ. “ಒಂದು ಜೀವ ಹೋದ ಮೇಲೆ ಅದರ ಗರಿಯಾದರೂ ಕೆಲಸಕ್ಕೆ ಬರ್ಬೇಕು. ಬೇಡ ಅಂತ ಬಿಸಾಡ್ಲಿಕ್ಕೆ ನಾವು ಯಾರು?” ಎನ್ನುವರು.

ಕೆಲಸಕ್ಕೆ ಬಂದವು ನೋಡಿ! ಮನೆಗೆ ಬಂದವರಿಗೆ ವೀಳ್ಯದ ತಟ್ಟೆಯಲ್ಲಿ ಎಲೆ, ಅಡಿಕೆ, ಸುಣ್ಣದ ಪಕ್ಕದಲ್ಲಿ ಕಿವಿ ತುರಿಸಲು ಒಂದು ಗರಿ. ಹೊಲಿಗೆ ಮೆಶಿನಿಗೆ ಎಣ್ಣೆ ಬಿಡಲು ಗರಿ, ಬಾಗಿಲ ತಿರುಗಣೆಗೆ ಗರಿ, ಗಾಯಕ್ಕೆ ಔಷಧಿ ಹಚ್ಚಲು ಗರಿ. ನನ್ನ ಶಾಲೆಯ ಪುಸ್ತಕಗಳಲ್ಲಿ ಗುರುತಿಗೆ ಇಟ್ಟ ಗರಿಗಳನ್ನು ಕಂಡು ತಪಾಸಣೆಗೆ ಬಂದ ಇನ್ಸ್‌ಪೆಕ್ಟರು, “ಏನು ಮಾಸ್ತರೇ, ಇಲ್ಲಿ ಪಾಠ ಮಾಡುವುದು ಕೋಳಿಗಳಿಗೋ?” ಎಂದು ಕೇಳಿದರು.

ಆದರೆ ಮಾವನ ನಿಜವಾದ ಆಸೆ ಬೇರೆಯೇ. ಬರಿಯ ಉಳಿಕೆಯಿಂದಲೇ ಒಂದು ಹುಳ ಮಾಡಬೇಕು, ಅದಕ್ಕೆ ಮೀನು ಬೀಳಬೇಕು! ಗರಿಯ ಬುಡದ ಮೆತ್ತನೆಯ ತುಪ್ಪಳವನ್ನು ನೂಲಿಗೆ ಹೊಸೆದರೆ ಹುಳದ ಹೊಟ್ಟೆ. ಎಳೆಗಳನ್ನೆಲ್ಲ ಸುಲಿದು ಉಳಿದ ದಂಟನ್ನು ನೀರಿನಲ್ಲಿ ನೆನೆಸಿ ಅದರ ಮೇಲೆ ಸುತ್ತಿದರೆ ಹೊಟ್ಟೆಗೆ ಪಟ್ಟೆ. ಅಗಲ ಗರಿಯನ್ನು ಕತ್ತರಿಸಿದರೆ ರೆಕ್ಕೆ. ಬಣ್ಣಕ್ಕೆ? ಅಡುಗೆಮನೆ ಇದೆಯಲ್ಲ! ಕೆಂಪಿಗೆ ಪುನರ್ಪುಳಿಯ ಸಿಪ್ಪೆ, ಕಪ್ಪಿಗೆ ಕಾಡಿಗೆ, ಹಳದಿಗೆ ಅರಸಿನ. ಆ ಮಳೆಗಾಲವಿಡೀ ನಮ್ಮ ಮನೆಯಲ್ಲಿ ಸಾರು ಬಿಳಿ, ಹುಳ ಹಳದಿ!

ಅತ್ತೆಯ ತಾಳ್ಮೆ ಮುರಿದದ್ದು ಅವರ ಅಣ್ಣ ಜಾಲ್ಸೂರಿನಿಂದ ಸಂಸಾರ ಸಮೇತ ಬಂದ ದಿನ. ಎಲೆ ಹಾಕಿ ಬಡಿಸಿಯಾಗಿತ್ತು. ಎಲ್ಲಿಂದಲೋ ಒಂದು ಗಾಳಿ ಬೀಸಿತು. ಮಾವನ ಡಬ್ಬಿ ಎಂದಿನಂತೆ ತೆರೆದೇ ಇತ್ತು. ಒಂದು ಗರಿ ತೇಲುತ್ತ, ಬಳುಕುತ್ತ, ಯಾವ ಅವಸರವೂ ಇಲ್ಲದೆ ಬಂದು ಅಣ್ಣನ ಸಾರಿನಲ್ಲಿ ಇಳಿಯಿತು. ಅವರು ಅದನ್ನು ಎರಡು ಬೆರಳಿನಿಂದ ಎತ್ತಿ ಹಿಡಿದು ನಿಧಾನವಾಗಿ ಹೇಳಿದರು:

“ತಂಗೀ, ಸಾರು ಒಳ್ಳೆಯದುಂಟು. ಆದರೆ ಕೋಳಿಯನ್ನು ಇನ್ನು ಸ್ವಲ್ಪ ಸುಲಿಯಬಹುದಿತ್ತು.”

ಅಂದು ಮನೆಯಲ್ಲಿ ಮಾಡಿದ್ದು ಸೌತೆಕಾಯಿ ಸಾರು!

ನೆಂಟರು ಹೋದ ಮೇಲೆ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಮಾವನ ಎದುರು ನಿಂತರು.

“ನೋಡಿ, ಒಂದೇ ಮಾತು. ದೀಪಾವಳಿಗೆ ಹಂಡೆಗೆ ನೀರು ತುಂಬಿಸುದರೊಳಗೆ ನಿಮ್ಮ ಆ ಉಳಿಕೆ ಹುಳಕ್ಕೆ ಒಂದು ಮೀನು ಬೀಳ್ಬೇಕು. ಬಿದ್ರೆ ನಾನೇ ಒಂದು ಶೆಲ್ಫು ಖಾಲಿ ಮಾಡಿ ಕೊಡ್ತೇನೆ, ಮತ್ತೆ ಚಕಾರ ಎತ್ತುದಿಲ್ಲ. ಬೀಳದಿದ್ರೆ ಎಲ್ಲಾ ಗರಿ ಬಚ್ಚಲ ಒಲೆಗೆ. ಎಣ್ಣೆಸ್ನಾನಕ್ಕೆ ನೀರು ಕಾಯ್ಲಿ!”

“ಗರಿ ಸುಟ್ಟರೆ ನಾತ ಬರ್ತದೆ,” ಎಂದರು ಮಾವ, ಬಲು ಮೆಲ್ಲಗೆ.

“ಬರ್ಲಿ. ನಾತ ಒಂದು ದಿನ ಇರ್ತದೆ. ಗರಿ ಇರುದು ಜನ್ಮವಿಡೀ!”

ಮಾವ ಒಪ್ಪಿದರು. ಒಪ್ಪದೆ ಎಲ್ಲಿಗೆ ಹೋಗುವುದು? ಮಳೆ ಕಡಿಮೆಯಾಗಿ ಹೊಳೆಯ ಕೆಂಪು ನೀರು ತಿಳಿಯಾದದ್ದೇ ತಡ, ದಿನಾ ಬೆಳಗ್ಗೆ ನೀರಿಗಿಳಿದರು. ಮಾವ ಕೋಲನ್ನು ಹಿಂದಕ್ಕೆ ಬೀಸುವುದು, ಮುಂದಕ್ಕೆ ಬೀಸುವುದು ನೋಡಲು ಚಂದ. ಹಿಂದಕ್ಕೆ ಬೀಸಿದಾಗ ಹುಳ ಮರಕ್ಕೆ ಸಿಕ್ಕಿಬೀಳುವುದು. ಮುಂದಕ್ಕೆ ಬೀಸಿದಾಗ ಆಚೆ ದಡದ ಮರಕ್ಕೆ. ಒಮ್ಮೆ ಸ್ನಾನಕ್ಕೆ ಬಂದವರೊಬ್ಬರು ಸೊಂಟಕ್ಕೆ ಸುತ್ತಿದ್ದ ಬೈರಾಸು ಗಾಳಕ್ಕೆ ಸಿಕ್ಕಿ ಹಾರಿಹೋಯಿತು. ಆ ಪುಣ್ಯಾತ್ಮರು ಮಾವ ದಾರ ಬಿಡಿಸಿ ಬೈರಾಸು ತರುವವರೆಗೆ ಕುತ್ತಿಗೆಮಟ್ಟ ನೀರಿನಲ್ಲಿ ಕುಳಿತೇ ಲೋಕಾಭಿರಾಮ ಮಾತಾಡಿದರು.

ಕಡವಿನ ದೋಣಿಯವನಿಗೆ ಇದನ್ನು ನೋಡಿ ನೋಡಿ ಕನಿಕರ. “ಯಜಮಾನ್ರೆ, ಒಂದು ಎರೆಹುಳ ಹಾಕಿ ನೋಡಿ. ಪಾಪ, ಮೀನಿಗೂ ಹಸಿವಾಗ್ತದೆ.”

“ಎರೆಹುಳ ಹಾಕಿದರೆ ಮೀನು ಹಿಡಿಯುದು ಎರೆಹುಳ ಮಾರಾಯ, ನಾನಲ್ಲ.”

“ಹೌದು ಹೌದು. ಈಗ ಇಬ್ಬರೂ ಹಿಡಿಯುದಿಲ್ಲ!”

ಒಂದು ದಿನ ಮಾತ್ರ ಮಾವ ಮನೆಗೆ ಓಡುತ್ತ ಬಂದರು. “ನುಂಗಿತು! ಉಳಿಕೆ ಹುಳವನ್ನು ನುಂಗಿತು!” ಅತ್ತೆ ಕೈಯಲ್ಲಿದ್ದ ಸೌಟನ್ನು ಬಿಟ್ಟು ಹೊರಗೆ ಬಂದರು. ನಾನೂ ಬಂದೆ. ವಿಚಾರಿಸಿದರೆ, ನುಂಗಿದ್ದು ಹಕ್ಕಿ! ನೀರಿನ ಮೇಲೆ ಹಾರುತ್ತಿದ್ದ ಒಂದು ಪುಟ್ಟ ಹಕ್ಕಿ ಮಾವನ ಹುಳವನ್ನು ನಿಜದ ಹುಳವೆಂದೇ ತಿಳಿದು ಗಾಳಿಯಲ್ಲೇ ಕಚ್ಚಿ, ಬಿಟ್ಟು ಹೋಗಿತ್ತು.

“ಹುಳ ತಿಂದೇ ಬದುಕುವ ಹಕ್ಕಿಗೇ ಮೋಸ ಆಯ್ತು ಅಂದ ಮೇಲೆ…” ಎಂದು ಮಾವ ಶುರುಮಾಡಿದರು.

“ಹಕ್ಕಿ ಲೆಕ್ಕಕ್ಕಿಲ್ಲ,” ಎಂದು ಅತ್ತೆ ಒಳಗೆ ಹೋದರು.

ಹೀಗೆ ದೀಪಾವಳಿಗೆ ನೀರು ತುಂಬಿಸುವ ದಿನ ಬಂತು. ಮಾವ ಬೆಳಕು ಹರಿಯುವ ಮೊದಲೇ ಹೊರಟುಹೋದರು. ಅತ್ತೆ ಹಂಡೆಯನ್ನು ಹುಣಿಸೆಹುಳಿ ಹಾಕಿ ತಿಕ್ಕಿದರು. ಗರಿಯ ಡಬ್ಬಿಗಳನ್ನೆಲ್ಲ ತಂದು ಬಚ್ಚಲ ಒಲೆಯ ಪಕ್ಕ ಜೋಡಿಸಿದರು. ಮಧ್ಯಾಹ್ನದ ಊಟಕ್ಕೆ ಮಾವ ಬರಲಿಲ್ಲ. ಅತ್ತೆಯೂ ಉಣ್ಣಲಿಲ್ಲ. ಹಂಡೆ ತೊಳೆದಾಗಿತ್ತು, ಬಾವಿಯಲ್ಲಿ ಬೇಕಾದಷ್ಟು ನೀರಿತ್ತು, ಆದರೂ ಅದೇಕೋ ತುಂಬಿಸುವ ಕೆಲಸ ಮಾತ್ರ ಮುಂದೆ ಸಾಗಲಿಲ್ಲ. ಎರಡು ಕೊಡ ಹೊಯ್ಯುವುದು, ಬೇಲಿಯ ದಣಪೆಯವರೆಗೆ ಹೋಗಿ ದಾರಿ ನೋಡುವುದು. ಅದ್ರಾಮ ಬ್ಯಾರಿಯ ಸೈಕಲು ಹೋಯಿತು. ಆಶ್ಚರ್ಯವೆಂದರೆ ನಮ್ಮ ಮನೆಯೆದುರು ಹಾರ್ನೇ ಇಲ್ಲ! ಮನುಷ್ಯ ತಲೆ ತಗ್ಗಿಸಿ, ಪೊಲೀಸರನ್ನು ಕಂಡವನಂತೆ ತುಳಿದುಕೊಂಡು ಹೋದ.

ಹೊತ್ತು ಇಳಿಯುವಾಗ ಮಾವ ಬಂದರು. ಕೈಯಲ್ಲಿ ಎಲೆ ಸುತ್ತಿದ ಒಂದು ಪೊಟ್ಟಣ. ಅದನ್ನು ಜಗಲಿಯ ತುದಿಯಲ್ಲಿ ಇಟ್ಟು, ಟೊಪ್ಪಿ ತೆಗೆದು, ತೂಗುಹಾಕುವ ಮೊಳೆ ಕಾಣದವರಂತೆ ಗೋಡೆಯನ್ನೇ ನೋಡುತ್ತ ನಿಂತರು.

“ಬಿತ್ತಾ?” ಎಂದರು ಅತ್ತೆ.

“ಹೂಂ. ಬಿತ್ತು.”

ಅತ್ತೆ ಎಲೆ ಬಿಡಿಸಿದರು. ನಾನು ಬಗ್ಗಿ ನೋಡಿದೆ. ಬೆನ್ನಿನ ಮೇಲೆ ನೀಲಿ ಹಸಿರು ಗೆರೆ, ಬೆಳ್ಳಿಯ ಹೊಟ್ಟೆ. ಬಂಗುಡೆ! ಮಂಗಳೂರಿನ ಕಡಲಲ್ಲಿ ಸಿಗುವ, ನಮ್ಮ ಊರಿನ ಹಸುಗೂಸು ಕೂಡ ಗುರುತಿಸುವ, ಅಪ್ಪಟ ಉಪ್ಪುನೀರಿನ ಬಂಗುಡೆ! ಅದು ಮಂಗಳೂರಿನಿಂದ ಹೊರಟು, ನೇತ್ರಾವತಿಯ ಸೆಳವಿಗೆ ಎದುರಾಗಿ ಈಜಿ, ಉಪ್ಪಿನಂಗಡಿಯಲ್ಲಿ ದಾರಿ ತಪ್ಪದೆ ಬಲಕ್ಕೆ ತಿರುಗಿ, ಕುಮಾರಧಾರೆಯನ್ನೇರಿ ಬಂದು, ಮಾವನ ಹುಳವನ್ನು ನುಂಗಿತೆಂದು ನಾವು ನಂಬಬೇಕು! ಉಳಿಕೆ ಹುಳ ಅದರ ತುಟಿಯಲ್ಲಿ ಇತ್ತು, ನಿಜ. ಆದರೆ ಚುಚ್ಚಿದ್ದು ಹೊರಗಿನಿಂದ ಒಳಕ್ಕೆ. ಸುಳ್ಳು ಹೇಳಿ ಅಭ್ಯಾಸವಿಲ್ಲದವರು ಸುಳ್ಳಿಗೆ ಕೈ ಹಾಕಬಾರದು.

ಅತ್ತೆ ಮೀನನ್ನು ಹಿತ್ತಿಲಿಗೆ ಒಯ್ದರು. ನಾನು ಹಿಂದಿನಿಂದಲೇ ಓಡಿದೆ.

“ಅತ್ತೇ, ಅದು ಬಂಗುಡೆ!”

“ನನಗೆ ಕಣ್ಣಿಲ್ಲವಾ? ಜಾಲ್ಸೂರಿನವರು ಬಂಗುಡೆ ನೋಡ್ಲಿಲ್ಲ ಅಂತ ಗ್ರಹಿಸಿದೆಯಾ?” ಅತ್ತೆ ಕೈಗೆ ಬೂದಿ ಹಚ್ಚಿಕೊಂಡರು. ಮೀನಿನ ತುಟಿಯಿಂದ ಹುಳವನ್ನು, ಒಂದೆಳೆಯೂ ಮುರಿಯದ ಹಾಗೆ, ಮೆಲ್ಲಗೆ ಬಿಡಿಸಿ ಸೆರಗಿನಲ್ಲಿ ಒರಸಿ ಕಟ್ಟೆಯ ಮೇಲಿಟ್ಟರು. “ಇಷ್ಟು ವರ್ಷದಲ್ಲಿ ಅವರ ಬಾಯಿಂದ ನಾನು ಒಂದು ಸುಳ್ಳು ಕೇಳ್ಲಿಲ್ಲ ಮಗಾ. ಎಸ್ಟೇಟಿನವರು ಬೇಡ ಅಂತ ಕಳಿಸಿದ ದಿನ ಮನೆಗೆ ಬಂದು ‘ನಾನೇ ಬಿಟ್ಟೆ’ ಅಂತ ಒಂದು ಮಾತು ಹೇಳಬಹುದಿತ್ತು. ಹೇಳ್ಲಿಲ್ಲ. ‘ಬೇಡ ಅಂದರು’ ಅಂತಲೇ ಹೇಳಿದರು. ಅಂಥವರು ಇವತ್ತು ಸುಳ್ಳು ಹೇಳಿದ್ದಾರೆ ಅಂದರೆ… ನೀನು ಬಾಯಿ ಮುಚ್ಚಿಕೊಂಡು ತೆಂಗಿನಕಾಯಿ ತುರಿ.”

ನಾನು ತೆಂಗಿನಕಾಯಿ ತುರಿದೆ. ಅತ್ತೆ ಮೆಣಸು ಅರೆದರು. ಮೀನು ಕುದಿಯುವ ಹೊತ್ತಿಗೆ ಅಡುಗೆಮನೆಯ ಶೆಲ್ಫಿನಿಂದ ಉಪ್ಪಿನಕಾಯಿಯ ಭರಣಿಗಳನ್ನು ಇಳಿಸಿ, ಒದ್ದೆ ಬಟ್ಟೆಯಿಂದ ಒರಸಿ, ಬಚ್ಚಲಿನಲ್ಲಿದ್ದ ಗರಿಯ ಡಬ್ಬಿಗಳನ್ನು ಒಂದೊಂದಾಗಿ ತಂದು ಅಲ್ಲಿ ಇಟ್ಟರು. ಮುಚ್ಚಳಗಳನ್ನು ಮಾತ್ರ ಗಟ್ಟಿಯಾಗಿ ಒತ್ತಿದರು. ಮಾವ ಬಾಗಿಲಲ್ಲಿ ನಿಂತು ಅದನ್ನೇ ನೋಡುತ್ತಿದ್ದರು. ಗೆದ್ದವರ ಮುಖ ಅದಾಗಿರಲಿಲ್ಲ.

ಊಟಕ್ಕೆ ಕುಳಿತೆವು. ಅತ್ತೆ ನಡುವಿನ ದೊಡ್ಡ ತುಂಡನ್ನು ಮಾವನಿಗೆ ಬಡಿಸಿ, ಎದುರಿಗೆ ಕುಳಿತು, ತಾವೂ ಒಂದು ಚೂರು ಬಾಯಿಗೆ ಹಾಕಿಕೊಂಡರು.

“ಏನೇ ಹೇಳಿ, ಹೊಳೆಮೀನಿನ ರುಚಿಯೇ ಬೇರೆ,” ಎಂದರು.

ಮಾವನ ಕೈ ತಟ್ಟೆಯಲ್ಲೇ ನಿಂತಿತು. ಕಣ್ಣು ತುಂಬಿ ಬಂತು.

“ನೋಡು… ಆ ಮೀನು… ನಾನು ನಿನಗೆ…”

ಅತ್ತೆ ತಲೆ ಎತ್ತಲಿಲ್ಲ. ಮಾವನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದರು.

“ಮುಳ್ಳುಂಟು. ಮಾತಾಡದೆ ಉಣ್ಣಿ.”